ಮೂರು ಸಾವಿರದ ಪಾಲಿಶ್ ಮಷೀನ್ ಸಾಕಾ, ನಲ್ವತ್ತು ಸಾವಿರದ್ದೇ ಬೇಕಾ?

ಪ್ರಶ್ನೆ: ಸರ್, ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಎರಡು ರೂಮಿನ ಹೋಮ್‌ಸ್ಟೇ. 2019ರ ಕಪ್ಪು ಸ್ಕಾರ್ಪಿಯೋ ಇದೆ. ಅಪ್ಪ ಓಡಿಸುತ್ತಿದ್ದ 1998ರ ಬಿಳಿ ಜಿಪ್ಸಿಯೂ ಇದೆ. ಹೋದ ಸಲ ಆಯುಧಪೂಜೆಗೆ ಮುಂಚೆ ಸ್ಕಾರ್ಪಿಯೋವನ್ನು ರಬ್ಬಿಂಗ್ ಪಾಲಿಶ್‌ಗೆ ಕೊಟ್ಟೆ. ಮನೆಗೆ ಬಂದ ದಿನ ಕನ್ನಡಿ ಹಾಗಿತ್ತು. ಮೂರು ಸಲ ತೊಳೆದ ಮೇಲೆ ನೋಡಿದರೆ ಬಿಸಿಲಲ್ಲಿ ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೆರೆ. ಇನ್ನು ಬೇರೆಯವರ ಕೈಗೆ ಕೊಡುವುದು ಬೇಡ, ಮಗನೂ ನಾನೂ ಸೇರಿ ಮನೆಯಲ್ಲೇ ಮಾಡೋಣ ಅಂತ ಇದ್ದೇನೆ. ಆನ್‌ಲೈನ್‌ನಲ್ಲಿ 3,200 ರೂಪಾಯಿಗೆ ಒಂದು ಮಷೀನ್ ಸಿಗುತ್ತದೆ. 1400 ವ್ಯಾಟ್, 3000 ಆರ್‌ಪಿಎಂ, ಹತ್ತು ಸ್ಪಂಜು ಮತ್ತು ಸ್ಯಾಂಡ್‌ಪೇಪರ್ ಡಿಸ್ಕ್ ಫ್ರೀ. ಬೆಂಗಳೂರಿನಲ್ಲಿರುವ ತಮ್ಮ "ರೂಪೆಸ್ ಇಲ್ಲದೆ ಗಾಡಿ ಮುಟ್ಟಲೇಬೇಡ" ಅಂತಾನೆ. ಆ ಕಂಪನಿಯ ಪಾಲಿಶ್ ಮಷೀನ್ 40 ಸಾವಿರದ ಹತ್ತಿರ. ನಮ್ಮ ಮೆಕ್ಯಾನಿಕ್ "ತಿರುಗೋದು ತಾನೇ, ಯಾವುದಾದರೇನು" ಅಂತಾರೆ. ಮನೆಯಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಪಕ್ಕದವರು ಆಗಲೇ ಮಗನಿಗೆ "ನಮ್ಮ ಗಾಡಿಯನ್ನೂ ಮಾಡಿಕೊಡು, ದುಡ್ಡು ಕೊಡ್ತೇವೆ" ಅಂತಿದ್ದಾರೆ. ಮೊದಲು ಕಡಿಮೆಯದರಲ್ಲಿ ಕಲಿತು ಆಮೇಲೆ ದುಬಾರಿಯದು ತಗೊಳ್ಳಲಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಎರಡು ಭಯ. ಅಗ್ಗದ ಮಷೀನ್ ತಂದು ಕಪ್ಪು ಗಾಡಿಯ ಪೇಂಟ್ ಸುಟ್ಟುಬಿಟ್ಟರೆ ಅನ್ನುವುದು ಒಂದು. ನಲ್ವತ್ತು ಸಾವಿರ ಕೊಟ್ಟು ತಂದದ್ದು ವರ್ಷಕ್ಕೆ ಎರಡು ದಿನ ಓಡಿ, ಉಳಿದ ದಿನ ಅಟ್ಟದ ಮೇಲೆ ಕೂತರೆ ಅನ್ನುವುದು ಇನ್ನೊಂದು. ಎರಡೂ ಸರಿಯಾದ ಭಯವೇ. ಕೊಡಗಿನಲ್ಲಿ ಹದಿನೇಳು ವರ್ಷದಿಂದ ಗಾಡಿ ಪಾಲಿಶ್ ಕೆಲಸ ಮಾಡುತ್ತಿದ್ದೇನೆ. ಎರಡೂ ತರ ಕಳೆದುಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ 3,200ರ ಮಷೀನಿನಲ್ಲಿ ಕಲಿಯಬೇಡಿ. ಬೆಲೆ ಕಡಿಮೆ ಅಂತ ಹೇಳುತ್ತಿಲ್ಲ. ಅದು ರೋಟರಿ, ಅದಕ್ಕೆ ಹೇಳುತ್ತಿದ್ದೇನೆ.

ಪಾಲಿಶ್ ಮಷೀನಿನಲ್ಲಿ ಮುಖ್ಯವಾಗಿ ಎರಡು ಜಾತಿ. ನಮ್ಮ ಹಳೇ ಮನೆಗಳಲ್ಲಿ ಇರುತ್ತಿದ್ದ ಎರಡು ಕಲ್ಲು ನೆನಪಿಸಿಕೊಳ್ಳಿ. ಬೀಸುವ ಕಲ್ಲಿನ ನಡುವೆ ಗೂಟ ಇರುತ್ತದೆ. ಮೇಲಿನ ಕಲ್ಲು ಆ ಗೂಟದ ಸುತ್ತ ಒಂದೇ ಜಾಗದಲ್ಲಿ ತಿರುಗುತ್ತದೆ. ರೋಟರಿ ಹಾಗೆ. ಒರಳುಕಲ್ಲಿನ ಗುಂಡು ಬೇರೆ ತರ. ಅದು ಒರಳಿನೊಳಗೆ ಸುತ್ತು ಹೊಡೆಯುತ್ತದೆ, ಸುತ್ತುತ್ತಲೇ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತದೆ. ಡ್ಯುಯಲ್ ಆಕ್ಷನ್, ಅಂದರೆ ನಾವು ಡಿಎ ಅಂತ ಕರೆಯುವ ಮಷೀನ್, ಆ ಗುಂಡಿನ ತರ ಓಡುತ್ತದೆ.

ಈ ವ್ಯತ್ಯಾಸದಲ್ಲೇ ನಿಮ್ಮ ಪೇಂಟಿನ ಹಣೆಬರಹ ಇದೆ. ರೋಟರಿ ಎಲ್ಲಿ ನಿಂತರೂ ಅಲ್ಲೇ ಉಜ್ಜುತ್ತದೆ, ಬಿಸಿ ಅಲ್ಲೇ ಸೇರುತ್ತದೆ. ಕೈ ಎರಡು ಸೆಕೆಂಡ್ ತಡವಾದರೆ ಸಾಕು. ಡಿಎಯಲ್ಲಿ ಉಜ್ಜು ಹರಡಿಕೊಳ್ಳುತ್ತದೆ. ಜಾಸ್ತಿ ಒತ್ತಿದರೆ, ಇಲ್ಲವೇ ಅಂಚಿಗೆ ತಗುಲಿದರೆ ಪ್ಯಾಡ್, ಅಂದರೆ ಪೇಂಟಿಗೆ ತಗುಲುವ ಸ್ಪಂಜು, ತಿರುಗುವುದನ್ನೇ ನಿಲ್ಲಿಸಿ ಸುಮ್ನೆ ನಡುಗುತ್ತದೆ. ಕೆಲಸ ನಿಧಾನ ಆಗುತ್ತದೆ, ಪೇಂಟ್ ಉಳಿಯುತ್ತದೆ. ಹೊಸಬರ ಕೈಗೆ ಅಷ್ಟು ಸಾಕು, ಅಲ್ವಾ?

ನಿಮ್ಮ ಸ್ಕಾರ್ಪಿಯೋ ಮೇಲೆ ಬಂದ ಜೇಡರ ಬಲೆ ಬಗ್ಗೆ. ಪೂಜೆಯ ಮುಂಚಿನ ವಾರ ಎಲ್ಲ ಅಂಗಡಿಯಲ್ಲೂ ಗಾಡಿ ಸಾಲು ನಿಂತಿರುತ್ತದೆ. ಒಂದು ಗಾಡಿಗೆ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ಉಣ್ಣೆ ಪ್ಯಾಡ್ ಹಾಕಿದ ರೋಟರಿಯಲ್ಲಿ ಒರಟು ಕಾಂಪೌಂಡ್, ಅಂದರೆ ಪೇಂಟ್ ಉಜ್ಜಿ ತೆಗೆಯುವ ಪೇಸ್ಟ್, ಓಡಿಸಿ, ಎಣ್ಣೆ ಅಂಶ ಇರುವ ಪಾಲಿಶ್ ಬಳಿದು ಕೊಡುತ್ತಾರೆ. ಆ ಎಣ್ಣೆ ಗೆರೆಗಳ ಸಂದು ತುಂಬಿಕೊಂಡು ಕನ್ನಡಿ ಹಾಗೆ ಕಾಣಿಸುತ್ತದೆ. ಮೂರು ಸಲ ಶಾಂಪೂ ಬಿದ್ದ ಮೇಲೆ ತುಂಬಿದ್ದು ಹೋಗುತ್ತದೆ, ಹಳೇ ಗೆರೆಯ ಜೊತೆ ರೋಟರಿಯ ಹೊಸ ಗೆರೆಯೂ ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬೆಳಕು ಸರಿಸಿದಾಗ ಗೆರೆ ರಿಬ್ಬನ್ ತರ ಜೊತೆಗೇ ಓಡಿದರೆ ಅದು ರೋಟರಿಯ ಗುರುತು. ನಮ್ಮ ಭಾಷೆಯಲ್ಲಿ ಅದನ್ನು ಹೊಲೊಗ್ರಾಮ್ ಅನ್ನುತ್ತೇವೆ. ಟಾರ್ಚ್ ಸುತ್ತ ಉಂಗುರ ಉಂಗುರವಾಗಿ ಕೂತರೆ ಅದು ಒರೆಸುವ ಬಟ್ಟೆಯಿಂದ ಬಂದದ್ದು.

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮಷೀನ್ ಮಾರುವವರು ಇದನ್ನು ಹೇಳುವುದಿಲ್ಲ. ಫ್ಯಾಕ್ಟರಿ ಪೇಂಟಿನ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ನಮ್ಮ ಒಂದು ತಲೆಕೂದಲು ಸುಮಾರು 70 ಮೈಕ್ರಾನ್. ಆ ಪೇಂಟಿನ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 40ರ ಆಸುಪಾಸು. ಹೊಳಪು ಇರುವುದು ಅದರಲ್ಲೇ. ಬಿಸಿಲು ತಡೆಯುವ ಶಕ್ತಿಯೂ ಅದರಲ್ಲೇ, ಅದೂ ಮೇಲಿನ ಭಾಗದಲ್ಲಿ ಜಾಸ್ತಿ. ನೀವು ನೋಡುವ ಗೆರೆ ಈ ಪದರದ ಮೇಲೆ ಬಿದ್ದ ಸಣ್ಣ ಸಣ್ಣ ಕಾಲುವೆ. ಪಾಲಿಶ್ ಮಾಡುವುದು ಅಂದರೆ ಕಾಲುವೆ ಮುಚ್ಚುವುದಲ್ಲ. ಗದ್ದೆ ಮಟ್ಟ ಮಾಡಿದ ಹಾಗೆ ಸುತ್ತಲಿನ ನೆಲವನ್ನೇ ಕಾಲುವೆಯ ತಳದವರೆಗೆ ಇಳಿಸುವುದು. ಒಂದು ಗಟ್ಟಿ ಕಾಂಪೌಂಡಿಂಗ್‌ಗೆ ಎರಡರಿಂದ ನಾಲ್ಕು ಮೈಕ್ರಾನ್ ಹೋಗುತ್ತದೆ. ನಯವಾದ ಪಾಲಿಶ್‌ಗೆ ಒಂದರ ಹತ್ತಿರ. ಒಂದು ಗಾಡಿಯ ಇಡೀ ಆಯುಷ್ಯದಲ್ಲಿ ಏಳೆಂಟು ಮೈಕ್ರಾನ್‌ಗಿಂತ ಜಾಸ್ತಿ ತೆಗೆಯಬಾರದು ಅಂತ ನಾನು ಮಿತಿ ಇಟ್ಟುಕೊಂಡಿದ್ದೇನೆ. ನಿಮ್ಮ ಬಾನೆಟ್‌ನಲ್ಲಿ ಹೋದ ವರ್ಷವೇ ಸ್ವಲ್ಪ ಖರ್ಚಾಗಿದೆ. ಅದು ವಾಪಸ್ ಬರುವುದಿಲ್ಲ.

ದುಬಾರಿ ಮಷೀನ್ ಪೇಂಟ್ ಸುಡುವುದಿಲ್ಲ ಅನ್ನುವುದು ದೊಡ್ಡ ಸುಳ್ಳು. ಕೆಲಸ ಕಲಿಯುತ್ತಿದ್ದ ಎರಡನೇ ವರ್ಷ ನನ್ನ ಕೈಯಲ್ಲಿ ಇದ್ದದ್ದು ಹೆಸರುವಾಸಿ ಕಂಪನಿಯ ಒಳ್ಳೆ ರೋಟರಿ. ಒಂದು ಕೆಂಪು ಕಾರಿನ ಹಿಂಬಾಗಿಲು ಮಾಡುತ್ತಿದ್ದೆ. ಬಾಗಿಲ ನಡುವೆ ಒಂದು ಮಡಿಕೆ ಗೆರೆ ಇರುತ್ತದಲ್ಲ, ಅದರ ಮೇಲೆ ಪ್ಯಾಡ್ ಒಂದು ಕ್ಷಣ ಓರೆಯಾಗಿ ನಿಂತಿತು. ಬಿಳಿ ಪ್ಯಾಡಿನ ಅಂಚು ಕೆಂಪಾಯಿತು. ಅಷ್ಟರಲ್ಲಿ ಮುಗಿದಿತ್ತು. ಕ್ಲಿಯರ್ ಕೋಟ್ ದಾಟಿ ಕೆಳಗಿನ ಬಣ್ಣಕ್ಕೆ ಹೋಗಿದ್ದೆ. ಆ ಬಾಗಿಲು ಪೂರ್ತಿ ಪೇಂಟ್ ಮಾಡಿಸಿಕೊಟ್ಟೆ, ಒಂದೂವರೆ ತಿಂಗಳ ಸಂಬಳ ಹೋಯಿತು. ಆ ಕೆಂಪು ಅಂಚು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಚು, ಮಡಿಕೆ, ಮೂಲೆಗಳಲ್ಲಿ ಪೇಂಟ್ ಮೊದಲೇ ತೆಳು. ಮೇಲಿಂದ ಒತ್ತಡವೂ ಅಲ್ಲೇ ಬೀಳುತ್ತದೆ. ಮಷೀನಿನ ಬೆಲೆ ಎಷ್ಟಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ನಲ್ವತ್ತು ಸಾವಿರ ಯಾಕೆ ಕೊಡುತ್ತಾರೆ? ಕಾರಣ ಇದೆ, ನಿಮ್ಮ ತಮ್ಮನ ಮಾತು ಪೂರ್ತಿ ತಪ್ಪಲ್ಲ.

ಒಂದು ಮಾರ್ಕರ್ ತಗೊಂಡು ಡಿಎ ಮಷೀನಿನ ತಟ್ಟೆಯ ಅಂಚಿಗೆ, ಅಂದರೆ ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಬದಿಗೆ, ಒಂದು ದಪ್ಪ ಗೆರೆ ಎಳೆಯಿರಿ. ಪ್ಯಾಡ್ ತಿರುಗುತ್ತಿದ್ದರೆ ಆ ಗೆರೆ ಸುತ್ತು ಬರುವುದು ಕಣ್ಣಿಗೆ ಕಾಣುತ್ತದೆ. ಅಗ್ಗದ ಡಿಎಯನ್ನು ಬಾಗಿಲ ಮಟ್ಟಸ ಜಾಗದಲ್ಲಿ ಇಟ್ಟರೆ ಗೆರೆ ಚೆನ್ನಾಗಿಯೇ ಸುತ್ತುತ್ತದೆ. ಸ್ವಲ್ಪ ಒತ್ತಿ, ಇಲ್ಲವೇ ಚಕ್ರದ ಮೇಲಿನ ಉಬ್ಬಿಗೆ ತಗೊಂಡು ಹೋಗಿ. ಗೆರೆ ನಿಧಾನವಾಗುತ್ತದೆ, ನಿಲ್ಲುತ್ತದೆ, ಅಲ್ಲೇ ನಡುಗುತ್ತದೆ. ಕೈಗೆ ಮಷೀನ್ ಓಡುತ್ತಿದೆ ಅನ್ನಿಸುತ್ತದೆ, ಸದ್ದೂ ಬರುತ್ತದೆ. ಪೇಂಟಿನ ಮೇಲೆ ಏನೂ ಆಗುತ್ತಿರುವುದಿಲ್ಲ. ಒಳ್ಳೆ ಮಷೀನಿನಲ್ಲಿ ಅದೇ ಉಬ್ಬಿನ ಮೇಲೆ ಗೆರೆ ಸುತ್ತುತ್ತಲೇ ಇರುತ್ತದೆ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಹೋಗುವುದು ಆ ಗೆರೆ ನಿಲ್ಲದ ಹಾಗೆ ನೋಡಿಕೊಳ್ಳುವುದಕ್ಕೆ. ಒಳಗಿನ ಎಲೆಕ್ಟ್ರಾನಿಕ್ಸ್ ಭಾರ ಬಿದ್ದಾಗಲೂ ವೇಗ ಹಿಡಿದಿಡುತ್ತದೆ.

ಎರಡನೆಯದು ನಡುಕ. ಡಿಎಯ ತಟ್ಟೆ ನಡುಗೂಟದಿಂದ ಪಕ್ಕಕ್ಕೆ ಸರಿದು ಸುತ್ತುತ್ತದೆ. 15 ಮಿ.ಮೀ. ಮಷೀನ್ ಅಂದರೆ ಅದು ಹೊಡೆಯುವ ಸುತ್ತಿನ ಅಗಲ 15 ಮಿ.ಮೀ. ಆ ಓರೆ ತೂಕವನ್ನು ಸರಿದೂಗಿಸಲು ಒಳಗೆ ಎದುರು ಭಾರ ಕೂರಿಸಿರುತ್ತಾರೆ. ದುಬಾರಿ ಮಷೀನಿನಲ್ಲಿ ಈ ಭಾರ, ತಟ್ಟೆ, ಪ್ಯಾಡ್ ಮೂರೂ ಒಂದಕ್ಕೊಂದು ಹೊಂದುವ ಹಾಗೆ ತೂಕ ಮಾಡಿ ಕೂರಿಸಿರುತ್ತಾರೆ. ಅಗ್ಗದ್ದರಲ್ಲಿ ಅಂದಾಜು. ಅರ್ಧ ಗಂಟೆ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ವರ್ಷಕ್ಕೆ ಎರಡು ಗಾಡಿ ಮಾಡುವವರು ನಡುವೆ ಕಾಫಿ ಕುಡಿದು ಮತ್ತೆ ಶುರು ಮಾಡಬಹುದು. ದಿನಾ ಆರು ಗಂಟೆ ಹಿಡಿಯುವವರ ಕೈ ಹತ್ತು ವರ್ಷದಲ್ಲಿ ಹಾಳಾಗುತ್ತದೆ. ಇದನ್ನು ನಾನು ಲಘುವಾಗಿ ಹೇಳುತ್ತಿಲ್ಲ. ನನ್ನ ಬಲಗೈ ಕಿರುಬೆರಳಿಗೆ ಚಳಿಗಾಲದ ಬೆಳಿಗ್ಗೆ ಈಗ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ.

ಉಳಿದದ್ದು ಬೇರಿಂಗ್, ಉದ್ದದ ವೈರು, ಬಿಡಿಭಾಗ. ಮೋಟಾರಿನೊಳಗಿನ ಕಾರ್ಬನ್ ಬ್ರಶ್ ಸವೆದಾಗ ಅದೇ ಅಳತೆಯದು ಸಿಗುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ಹೆಸರಿಲ್ಲದ ಮಷೀನ್ ಕೆಟ್ಟರೆ ಅದು ಕಸ. ದುಬಾರಿಯದೂ ರಿಪೇರಿಗೆ ಕೊಡಗಿನಿಂದ ಹೊರಗೆ ಹೋಗಿ ಬರುವಷ್ಟರಲ್ಲಿ ವಾರ ಕಳೆಯುತ್ತದೆ.

ವ್ಯಾಟ್ ನೋಡಿ ಮೋಸ ಹೋಗಬೇಡಿ. ನೀವು ನೋಡಿದ ಬಾಕ್ಸ್ ಮೇಲೆ 1400 ವ್ಯಾಟ್ ಇದೆ. ನಿಮ್ಮ ತಮ್ಮ ಹೇಳುವ ರೂಪೆಸ್ 1947ರಿಂದ ಇರುವ ಇಟಲಿಯ ಕಂಪನಿ. ಅವರ ಹೆಸರುವಾಸಿ 15 ಮಿ.ಮೀ. ಮಷೀನ್ ಬರೀ 500 ವ್ಯಾಟಿನದು. ವ್ಯಾಟ್ ಅನ್ನುವುದು ಮಷೀನ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಲೆಕ್ಕ. ಪ್ಯಾಡಿಗೆ ಅದರಲ್ಲಿ ಎಷ್ಟು ತಲುಪಿತು ಅನ್ನುವುದು ಬೇರೆ. ಇನ್ನು ಆ ಫ್ರೀ ಸ್ಯಾಂಡ್‌ಪೇಪರ್ ಡಿಸ್ಕ್. ಪೇಂಟ್ ಉಳಿಸುವ ಮಷೀನಿನ ಜೊತೆ ಪೇಂಟ್ ಕಿತ್ತುಹಾಕುವ ಸಾಮಾನು ಯಾಕೆ ಕೊಡುತ್ತಾರೆ? ಕಬ್ಬಿಣದ ಗೇಟು, ಮರದ ಮೇಜು, ಕಾರು ಎಲ್ಲಕ್ಕೂ ಒಂದೇ ಅಂತ ಮಾರುವ ಮಷೀನ್ ಅದು. ಇನ್ನೂ ಕೆಲವರು ಮನೆಯಲ್ಲಿರುವ ಆಂಗಲ್ ಗ್ರೈಂಡರ್‌ಗೆ ಸ್ಪಂಜು ಸಿಕ್ಕಿಸುತ್ತಾರೆ. ಗ್ರೈಂಡರ್ 11,000 ಸುತ್ತು ಓಡುತ್ತದೆ. ಪಾಲಿಶ್‌ಗೆ ರೋಟರಿಯಲ್ಲೂ ಸಾವಿರದಿಂದ ಸಾವಿರದೈನೂರು ಸುತ್ತು ಸಾಕು. ದಯವಿಟ್ಟು ಆ ಕೆಲಸಕ್ಕೆ ಮಗನನ್ನು ಬಿಡಬೇಡಿ. ಪೇಂಟ್ ಮಾತ್ರವಲ್ಲ, ಪ್ಯಾಡ್ ಕಿತ್ತು ಮುಖಕ್ಕೆ ಹೊಡೆಯುತ್ತದೆ.

ಮಷೀನ್ ಕೈಗೆ ಬಂದಾಗ ಯಾವ ಜಾತಿ ಅಂತ ತಿಳಿಯಲು ಸುಲಭ ದಾರಿ ಇದೆ. ಪ್ಲಗ್ ಹಾಕದೆ ಮಷೀನ್ ಮಗುಚಿ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ. ನೆಟ್ಟಗೆ ಒಂದೇ ಜಾಗದಲ್ಲಿ ತಿರುಗಿದರೆ ರೋಟರಿ. ನಡುವಿನಿಂದ ಪಕ್ಕಕ್ಕೆ ಸರಿದು ಓಲಾಡಿದರೆ ಡಿಎ. ಕೊಳ್ಳುವಾಗ ವಿವರದಲ್ಲಿ 8, 12, 15 ಅಥವಾ 21 ಮಿ.ಮೀ. ಅಂತ ಸುತ್ತಿನ ಅಳತೆ ಹಾಕಿದ್ದಾರಾ ನೋಡಿ. ಅದನ್ನು ಹೇಳದೆ ಬರೀ ಆರ್‌ಪಿಎಂ ಹೇಳಿದರೆ ಸಾಮಾನ್ಯವಾಗಿ ರೋಟರಿಯೇ.

ಈಗ ನಿಮ್ಮ ಕರೆಂಟಿನ ವಿಷಯ. ಇದನ್ನು ಬರೆದದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು, ಬೆಂಗಳೂರಿನವರು ಕೊಡುವ ಸಲಹೆಯಲ್ಲಿ ಇದು ಬರುವುದೇ ಇಲ್ಲ. ಮಷೀನ್ ಕೇಳುವುದು 230 ವೋಲ್ಟ್. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ತೋಟದ ಮನೆಗೆ 180 ಬಂದರೆ ಸಾದಾ ಮಷೀನಿನ ವೇಗ ಇಳಿಯುತ್ತದೆ. ವೇಗ ಇಳಿದರೆ ಒಳಗಿನ ಫ್ಯಾನ್ ಗಾಳಿಯೂ ಕಡಿಮೆ. ನಾವು ಕೆಲಸ ಆಗುತ್ತಿಲ್ಲ ಅಂತ ಇನ್ನೂ ಒತ್ತುತ್ತೇವೆ. ಕಾಯಿಲ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ನನ್ನ ಹತ್ತಿರ ಬಂದ ಸತ್ತ ಮಷೀನುಗಳಲ್ಲಿ ಎಷ್ಟೋ ಹೀಗೇ ಹೋದವು. ಎಲೆಕ್ಟ್ರಾನಿಕ್ಸ್ ಇರುವ ಮಷೀನ್ ವೇಗವನ್ನೇನೋ ಹಿಡಿದಿಡಲು ನೋಡುತ್ತದೆ. ಆದರೆ ಕರೆಂಟ್ ಹೋಗಿ ಬರುವಾಗ, ಸಣ್ಣ ಜನರೇಟರ್ ಏರುಪೇರಾದಾಗ ಮೊದಲು ಪೆಟ್ಟು ತಿನ್ನುವುದು ಆ ಸರ್ಕ್ಯೂಟ್ ಬೋರ್ಡೇ. ಅಂದರೆ ದುಬಾರಿ ಮಷೀನಿಗೆ ನಿಮ್ಮ ಮನೆ ಕರೆಂಟಿನಲ್ಲಿ ಅಪಾಯ ಕಡಿಮೆ ಏನಲ್ಲ, ಕಳೆದುಕೊಳ್ಳುವ ದುಡ್ಡು ಮಾತ್ರ ಜಾಸ್ತಿ.

ಬೆಳಿಗ್ಗೆ ವೋಲ್ಟೇಜ್ ಚೆನ್ನಾಗಿರುವಾಗ ಕೆಲಸ ಮಾಡಿ. ಮಷೀನಿನ ವ್ಯಾಟಿಗೆ ತಡೆಯುವ ಸ್ಟೆಬಿಲೈಸರ್ ಹಾಕಿ, ಟಿವಿಯದು ಸಾಲುವುದಿಲ್ಲ. ಎಕ್ಸ್‌ಟೆನ್ಶನ್ ವೈರು ಉದ್ದ ಬೇಕಾದರೆ 1.5 ಚದರ ಮಿ.ಮೀ. ದಪ್ಪದ್ದು ತಗೊಳ್ಳಿ. ಮದುವೆ ಮನೆಯ ಲೈಟಿಗೆ ಎಳೆಯುವ ತೆಳು ವೈರಿನಲ್ಲಿ ಇನ್ನೂ ಹತ್ತು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿ ಮಷೀನ್ ಬಂದಿವೆ. ವೋಲ್ಟೇಜ್ ತಲೆನೋವಿಲ್ಲ. ಆದರೆ ಒಂದು ಇಡೀ ಸ್ಕಾರ್ಪಿಯೋಗೆ ಎರಡು ಮೂರು ಬ್ಯಾಟರಿ ಬೇಕು, ಅದರ ಬೆಲೆ ಸೇರಿಸಿದರೆ ಮತ್ತೆ ದುಬಾರಿ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ಹಾಗಾದರೆ ಏನು ಮಾಡುವುದು? ನಾನು ನಿಮ್ಮ ಜಾಗದಲ್ಲಿದ್ದರೆ ಆರೇಳು ಸಾವಿರದಿಂದ ಹದಿನೈದು ಸಾವಿರದೊಳಗೆ ಸಿಗುವ, ಬಿಡಿಭಾಗ ಸಿಗುವ ಒಂದು ಡಿಎ ತಗೊಳ್ಳುತ್ತಿದ್ದೆ. 8 ಅಥವಾ 12 ಮಿ.ಮೀ. ಸಾಕು. ಅಗ್ಗದ ಮಷೀನಿನಲ್ಲಿ ಸುತ್ತು ದೊಡ್ಡದಾದಷ್ಟೂ ನಡುಕವೂ ನಿಲ್ಲುವುದೂ ಜಾಸ್ತಿ. ಜಿಪ್ಸಿಯ ಕಂಬಗಳು, ಸ್ಕಾರ್ಪಿಯೋದ ಉಬ್ಬುತಗ್ಗುಗಳಿಗೆ ಸಣ್ಣ ಸುತ್ತು ಒಳ್ಳೆಯದು. ಇದರ ಕೊರತೆ ಹೇಳಿಬಿಡುತ್ತೇನೆ. ಕೆಲಸ ನಿಧಾನ. ನನಗೆ ಒಂದು ದಿನ ಹಿಡಿಯುವುದು ನಿಮಗೆ ಎರಡು ದಿನ. ಆಳದ ಗೆರೆ ಪೂರ್ತಿ ಹೋಗುವುದಿಲ್ಲ. ಕೈ ನೋಯುತ್ತದೆ.

ಉಳಿದ ದುಡ್ಡಿನಲ್ಲಿ ಐದು ಸಾವಿರ ಪ್ಯಾಡ್ ಮತ್ತು ಪಾಲಿಶ್‌ಗೆ ಇಡಿ. ಇಲ್ಲಿ ಮಾತ್ರ ಕಂಜೂಸ್ ಮಾಡಬೇಡಿ. ಪೇಂಟ್ ಮುಟ್ಟುವುದು ಮಷೀನ್ ಅಲ್ಲ, ಪ್ಯಾಡು. ಫ್ರೀ ಬರುವ ಹತ್ತು ಸ್ಪಂಜಿನ ಅಂಟು ಬಿಸಿಗೆ ಬಿಡುತ್ತದೆ, ಓಡುತ್ತಿರುವಾಗಲೇ ಸ್ಪಂಜು ಹಾರಿಹೋಗಿ ಬರೀ ತಟ್ಟೆ ಪೇಂಟಿಗೆ ತಗುಲುತ್ತದೆ. ಗೆರೆ ತೆಗೆಯುವ ಗಟ್ಟಿ ಪ್ಯಾಡ್ ಮೂರು, ಮೂರು ನಯದ ಪ್ಯಾಡ್ ಇರಲಿ. ಒಂದೇ ಪ್ಯಾಡಿನಲ್ಲಿ ಇಡೀ ಗಾಡಿ ಮಾಡಿದರೆ ಅದು ಒದ್ದೆಯಾಗಿ, ತುಂಬಿ, ಕೊನೆಗೆ ಗೆರೆ ತೆಗೆಯುವ ಬದಲು ಗೆರೆ ಹಾಕುತ್ತದೆ. ಅಗ್ಗದ ಡಿಎಗೆ ಒಳ್ಳೆ ಪ್ಯಾಡ್ ಹಾಕಿದರೆ ಬರುವ ಫಲ, ದುಬಾರಿ ಮಷೀನಿಗೆ ಕೆಟ್ಟ ಸ್ಪಂಜು ಹಾಕಿದರೆ ಬರುವುದಿಲ್ಲ. ಇದನ್ನು ನನ್ನ ಅಂಗಡಿಯಲ್ಲಿ ಒಂದೇ ಬಾನೆಟ್ ಮೇಲೆ ಟೇಪ್ ಹಚ್ಚಿ, ಎರಡು ಬದಿ ಮಾಡಿ ಹುಡುಗರಿಗೆ ತೋರಿಸುತ್ತೇನೆ.

ಪೇಂಟ್ ದಪ್ಪ ಅಳೆಯುವ ಗೇಜ್ ಕೊಳ್ಳಬೇಕಾಗಿಲ್ಲ. ನಿಮ್ಮೂರ ಹತ್ತಿರ ಗೇಜ್ ಇಟ್ಟುಕೊಂಡವರಲ್ಲಿಗೆ ಹೋಗಿ ಒಂದು ಸಲ ಅಳೆಸಿ. ಬಾನೆಟ್, ನಾಲ್ಕು ಬಾಗಿಲು, ಟಾಪ್ ಎಲ್ಲ ಬರೆದಿಟ್ಟುಕೊಳ್ಳಿ. ಎಲ್ಲೋ ಒಂದು ಕಡೆ 80 ಮೈಕ್ರಾನ್‌ಗಿಂತ ಕೆಳಗೆ ತೋರಿಸಿದರೆ ಅಲ್ಲಿ ಕಾಂಪೌಂಡ್ ಬೇಡ. 200ರ ಮೇಲೆ ತೋರಿಸಿದರೆ ಅದು ಹಿಂದೆ ಯಾವಾಗಲೋ ಟಿಂಕರಿಂಗ್ ಆಗಿ ಮತ್ತೆ ಪೇಂಟ್ ಬಿದ್ದ ಜಾಗ. ದಪ್ಪ ಇದೆ ಅಂತ ಧೈರ್ಯ ಮಾಡಬೇಡಿ, ಆ ದಪ್ಪದಲ್ಲಿ ಪುಟ್ಟಿಯೂ ಇರುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ಓಡುವುದಿಲ್ಲ. ಪ್ಲಾಸ್ಟಿಕ್ ಬಿಸಿಯನ್ನು ಬಿಟ್ಟುಕೊಡುವುದೂ ಇಲ್ಲ, ಬಂಪರ್ ಮೇಲೆ ಮಷೀನ್ ಆದಷ್ಟು ಕಡಿಮೆ ಇರಲಿ.

ನಲ್ವತ್ತು ಸಾವಿರದ ಮಷೀನ್ ಯಾವಾಗ ಸರಿ? ನಿಮ್ಮ ಮಗ ಇದನ್ನು ಕೆಲಸ ಮಾಡಿಕೊಂಡರೆ. ತಿಂಗಳಿಗೆ ನಾಲ್ಕೈದು ಗಾಡಿ ಬರುವ ಹಾಗಾದರೆ ಉಳಿಯುವ ಗಂಟೆಗಳಲ್ಲೇ ದುಡ್ಡು ವಾಪಸ್ ಬರುತ್ತದೆ, ಕೈಯೂ ಉಳಿಯುತ್ತದೆ. ಆಗ ಜರ್ಮನಿಯ ಫ್ಲೆಕ್ಸ್ ಕಂಪನಿಯ 8 ಮಿ.ಮೀ. ಮಷೀನನ್ನೂ ಒಂದು ಸಲ ಹಿಡಿದು ನೋಡಲಿ. ಅದರಲ್ಲಿ ಗೇರ್ ಇರುವುದರಿಂದ ಉಬ್ಬಿನ ಮೇಲೂ ಪ್ಯಾಡ್ ನಿಲ್ಲುವುದಿಲ್ಲ. ನಿಲ್ಲದ ಕಾರಣಕ್ಕೇ ಅಂಚಿನಲ್ಲಿ ಜಾಗ್ರತೆ ಜಾಸ್ತಿ ಬೇಕು. ಸೆಕೆಂಡ್ ಹ್ಯಾಂಡ್ ದುಬಾರಿ ಮಷೀನ್ ಸಿಕ್ಕರೆ ತಗೊಳ್ಳಬಹುದು, ಆದರೆ ಓಡಿಸಿ ನೋಡದೆ ಬೇಡ. ತಟ್ಟೆ ಹಿಡಿದು ಅಲುಗಿಸಿದಾಗ ಕಟಕಟ ಅಂದರೆ ಬೇರಿಂಗ್ ಹೋಗಿದೆ. ಅರ್ಧ ಬೆಲೆಗೆ ಹೊಚ್ಚ ಹೊಸದು ಅಂತ ಆನ್‌ಲೈನ್‌ನಲ್ಲಿ ಬಂದರೆ ಅದು ನಕಲಿ ಅಂತಲೇ ತಿಳಿಯಿರಿ.

ಪಕ್ಕದವರ ಗಾಡಿ ಬಗ್ಗೆ ಒಂದು ಮಾತು. ಮಗ ಮೊದಲು ನಿಮ್ಮ ಗಾಡಿಗಳ ಮೇಲೆ ಕೈ ಪಳಗಿಸಲಿ. ಬೇರೆಯವರ ಗಾಡಿಗೆ ದುಡ್ಡು ತಗೊಂಡ ಮೇಲೆ ಅದರ ಪೇಂಟಿಗೂ ಅವನೇ ಜವಾಬ್ದಾರಿ. ಆ ಕೆಂಪು ಬಾಗಿಲಿನ ಕತೆ ಅವನಿಗೂ ಓದಿ ಹೇಳಿ.

ಇನ್ನು ಏನೂ ಕೊಳ್ಳದೆ ಇರುವ ದಾರಿಯೂ ಇದೆ. ಪೂಜೆಯ ಗಡಿಬಿಡಿ ಇಲ್ಲದ ತಿಂಗಳಲ್ಲಿ ಸ್ಕಾರ್ಪಿಯೋವನ್ನು ನಂಬಿಕೆಯವರ ಹತ್ತಿರ ಬಿಟ್ಟು, ಡಿಎಯಲ್ಲೇ ಮಾಡಿ, ಎಣ್ಣೆ ಪಾಲಿಶ್ ಬಳಿಯುವ ಮುಂಚೆ ಟಾರ್ಚ್ ಹಾಕಿ ನನಗೆ ತೋರಿಸಿ ಅಂತ ಹೇಳಿ. ಈ ಒಂದು ಮಾತು ಹೇಳಿದರೆ ಕೆಲಸದ ರೀತಿಯೇ ಬದಲಾಗುತ್ತದೆ. ಆಮೇಲೆ ಮನೆಯಲ್ಲಿ ತೊಳೆಯುವುದನ್ನು ಸರಿ ಮಾಡಿಕೊಂಡರೆ ಮೂರ್ನಾಲ್ಕು ವರ್ಷ ಮಷೀನ್ ಬೇಕಾಗುವುದಿಲ್ಲ. ಎರಡು ಬಕೆಟ್ (ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಅದ್ದಿ ತೊಳೆಯಲು ಬರೀ ನೀರು), ಮೈಕ್ರೋಫೈಬರ್ ಬಟ್ಟೆ, ಮೊದಲು ಬರೀ ನೀರು ಹೊಡೆದು ಕೆಂಪು ಮಣ್ಣು ಇಳಿಸುವುದು. ನಮ್ಮ ಮಣ್ಣು ಒಣಗಿದ ಮೇಲೆ ಉಪ್ಪುಕಾಗದಕ್ಕೆ ಸಮ. ಬೆಳಿಗ್ಗೆ ಧೂಳು ಅಂತ ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಡ್ರೈವರ್‌ಗೆ ಇದ್ದರೆ ಇವತ್ತೇ ಬಿಡಿಸಿ. ಗೆರೆಗಳಲ್ಲಿ ಅರ್ಧ ಅಲ್ಲಿಂದಲೇ ಬರುತ್ತವೆ.

ಮಷೀನ್ ತಗೊಂಡರೆ ಜಿಪ್ಸಿಯಿಂದ ಶುರು ಮಾಡಿ. ಆ ಕಾಲದ ಬಿಳಿ ಗಾಡಿಗಳಲ್ಲಿ ಎಷ್ಟೋ ಕಡೆ ಕ್ಲಿಯರ್ ಕೋಟ್ ಇರುವುದಿಲ್ಲ, ಬಣ್ಣವೇ ಮೇಲಿನ ಪದರ. ಕಪ್ಪು ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಬಾನೆಟ್ ಮೂಲೆಯಲ್ಲಿ ತಿಕ್ಕಿ ನೋಡಿ. ಬಟ್ಟೆ ಮೇಲೆ ಬಿಳಿ ಬಣ್ಣ ಬಂದರೆ ಹಾಗೇ ಅಂತ ಅರ್ಥ. ಆಗ ಪ್ಯಾಡ್ ಬಿಳಿಯಾದರೆ ಹೆದರಬೇಡಿ, ಅದು ಬಿಸಿಲಿಗೆ ಸತ್ತ ಮೇಲ್ಪದರ ಬರುತ್ತಿರುವುದು. ಕೆಳಗಿನ ಪ್ರೈಮರ್ ಬಣ್ಣ ಇಣುಕಿದರೆ ಮಾತ್ರ ಅಲ್ಲೇ ನಿಲ್ಲಿಸಿ. ಸ್ಕಾರ್ಪಿಯೋದಲ್ಲಿ ಲೆಕ್ಕ ಉಲ್ಟಾ. ಅದರ ಮೇಲೆ ಪ್ಯಾಡ್ ಕಪ್ಪಾದರೆ ಕ್ಲಿಯರ್ ಕೋಟ್ ಮುಗಿದಿದೆ ಅಂತ. ತಕ್ಷಣ ನಿಲ್ಲಿಸಬೇಕು.

ಸ್ಕಾರ್ಪಿಯೋದಲ್ಲಿ ಮೊದಲು ಎರಡಡಿ ಅಗಲ ಉದ್ದದ ಒಂದೇ ಜಾಗ ಮಾಡಿ. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚು, ಮಡಿಕೆ, ರಬ್ಬರ್ ಬೀಡಿಂಗ್ ಎಲ್ಲಕ್ಕೂ ಟೇಪ್. ನಯದ ಪ್ಯಾಡ್, ನಯದ ಪಾಲಿಶ್‌ನಿಂದಲೇ ಶುರು ಮಾಡಿ. ಸೆಕೆಂಡಿಗೆ ಒಂದಿಂಚು ಸರಿಯುವಷ್ಟು ನಿಧಾನ. ಅಡ್ಡ ಉದ್ದ ನಾಲ್ಕೈದು ಸಲ. ಒರೆಸಿ ಟಾರ್ಚ್ ಹಿಡಿಯಿರಿ. ಹತ್ತರಲ್ಲಿ ಏಳು ಗೆರೆ ಹೋಗಿದ್ದರೆ ಅಲ್ಲಿಗೆ ಸಾಕು, ಇಡೀ ಗಾಡಿ ಅದೇ ರೀತಿ ಮಾಡಿ. ಉಳಿದ ಮೂರರ ಹಿಂದೆ ಬೀಳಬೇಡಿ. ತೋಟದ ದಾರಿಯಲ್ಲಿ ಕಾಫಿ ಗಿಡ, ಲಂಟಾನ ಬಾಗಿಲಿಗೆ ಉಜ್ಜಿದ ಉದ್ದ ಗೆರೆಗಳು ಇರುತ್ತವಲ್ಲ, ಅವುಗಳ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೆರೆ ಯಾವ ಮಷೀನಿಗೂ ಹೋಗುವುದಿಲ್ಲ. ಹೋಗುವಷ್ಟು ತೆಗೆದರೆ ಪೇಂಟ್ ಉಳಿಯುವುದಿಲ್ಲ. ಮುಂದಿನ ತಿಂಗಳು ಅದೇ ಗಿಡ ಮತ್ತೆ ಉಜ್ಜುತ್ತದೆ. ತೋಟದಲ್ಲಿ ಓಡುವ ಗಾಡಿಯನ್ನು ಶೋರೂಮಿನ ಗಾಡಿ ಮಾಡಲು ಹೋಗಿ ಕ್ಲಿಯರ್ ಕೋಟ್ ಕಳೆದುಕೊಂಡವರು ನನ್ನ ಹತ್ತಿರ ಪ್ರತಿ ವರ್ಷ ಬರುತ್ತಾರೆ. ಅವರಿಗೆ ಕೊಡಲು ನನ್ನ ಹತ್ತಿರ ಪಾಲಿಶ್ ಇರುವುದಿಲ್ಲ, ಪೇಂಟರ್ ವಿಳಾಸ ಮಾತ್ರ ಇರುತ್ತದೆ.

ಕಾಲ ನೋಡಿ ಮಾಡಿ. ಸೆಪ್ಟೆಂಬರ್ ಶುರುವಿನ ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಬಿಡುವು ಕೊಟ್ಟ ಮೇಲೆ, ಕೊಯ್ಲು ಶುರುವಾಗುವ ಮುಂಚೆ ಒಳ್ಳೆ ಹೊತ್ತು. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಅದರ ಪಕ್ಕದಲ್ಲಿ ಗಾಡಿ ಇಟ್ಟು ಪಾಲಿಶ್ ಮಾಡಬೇಡಿ, ಸಿಪ್ಪೆಯ ಧೂಳು ಹಾರಿ ಪ್ಯಾಡಿಗೆ ಕೂರುತ್ತದೆ. ಬಾನೆಟ್ ಮೇಲೆ ಕೈ ಇಟ್ಟರೆ ತಣ್ಣಗಿರಬೇಕು. ಮುಗಿದ ಮೇಲೆ ಪ್ಯಾಡುಗಳನ್ನು ಅವತ್ತೇ ತೊಳೆದು, ಮಳೆಗಾಲವಾದರೆ ಒಲೆ ಹತ್ತಿರದ ಬೆಚ್ಚನೆಯ ಜಾಗದಲ್ಲಿ ನೇತು ಹಾಕಿ. ನಮ್ಮ ಜೂನ್ ಜುಲೈ ಥಂಡಿಯಲ್ಲಿ ಒದ್ದೆ ಪ್ಯಾಡ್ ಡಬ್ಬದೊಳಗೆ ಇಟ್ಟರೆ ಒಂದು ವಾರಕ್ಕೆ ಬೂಷ್ಟು. ಮಷೀನಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಡಿ.

ಆಯುಧಪೂಜೆಯ ದಿನ ಗಂಧ, ಕುಂಕುಮ ನೇರವಾಗಿ ಬಾನೆಟ್‌ಗೆ ಹಚ್ಚುವ ಬದಲು ಒಂದು ಬಾಳೆಲೆಯ ತುಂಡನ್ನು ಟೇಪಿನಲ್ಲಿ ಅಂಟಿಸಿ ಅದರ ಮೇಲೆ ಹಚ್ಚಿ. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡುತ್ತೇವೆ. ಗಾಡಿಗೇ ಹಚ್ಚಲೇಬೇಕು ಅಂತ ಮನೆಯಲ್ಲಿ ಹಿರಿಯರು ಹೇಳಿದರೆ ಗಾಜಿನ ಮೇಲೆ ಹಚ್ಚಿ. ಮಾರನೇ ದಿನ ಒಣ ಬಟ್ಟೆಯಲ್ಲಿ ಒರೆಸದೆ, ಧಾರಾಳ ನೀರು ಸುರಿದು ತೆಗೆಯಿರಿ.